ಸೊನ್ನೆಗೊಂದು ಕೊಕ್ಕೆ

ಮಕ್ಕಳ ವಾರ್ಡಿನ ಆಯಮ್ಮನಿಗೆ ಓದು ಬರಹ ಬಾರದು ಎಂದರೆ ಅರ್ಧ ಮಾತ್ರ ನಿಜ. ಅಂಕಿಗಳು ಬರುತ್ತಿದ್ದವು. ಗಂಡ ಬಸ್ ಕಂಡಕ್ಟರು. ಮದುವೆಯಾದ ಹೊಸದರಲ್ಲಿ ಹೋಗುವ ಬರುವ ಬಸ್ಸುಗಳ ಹಣೆ ತೋರಿಸಿ ಸೊನ್ನೆಯಿಂದ ಒಂಬತ್ತರವರೆಗೆ ಕಲಿಸಿಬಿಟ್ಟಿದ್ದ. ಅಕ್ಷರಕ್ಕೆ ಕೈ ಹಾಕುವಷ್ಟರಲ್ಲಿ ಮಗಳು ಹುಟ್ಟಿದಳು. ಮೇಷ್ಟರಿಗೂ ನಿದ್ದೆಯಿಲ್ಲ, ಶಿಷ್ಯೆಗೂ ನಿದ್ದೆಯಿಲ್ಲ, ಪಾಠ ಅಲ್ಲಿಗೇ ನಿಂತಿತು. ಹಾಗಾಗಿ ಇಪ್ಪತ್ತೊಂಬತ್ತು ವರ್ಷ ಆಕೆ ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿಯೇ ಆಸ್ಪತ್ರೆಯ ಒಳಗೆ ಹೋದಳು, ಹೆಬ್ಬೆಟ್ಟು ಒತ್ತಿಯೇ ಹೊರಗೆ ಬಂದಳು. ಬೆರಳಿನ ಶಾಯಿಯನ್ನು ಏಪ್ರನ್ನಿನ ಬಲಗಡೆ ಅಂಚಿಗೆ ಒರೆಸುವ ಅಭ್ಯಾಸ. ಎಷ್ಟು ಒಗೆದರೂ ಆ ಮೂಲೆ ನೀಲಿಯಾಗಿಯೇ ಇರುತ್ತಿತ್ತು.

ಕೆಲಸದಲ್ಲಿ ಮಾತ್ರ ಆಕೆಯನ್ನು ಮೀರಿಸುವವರಿರಲಿಲ್ಲ. ಸೂಜಿ ಚುಚ್ಚುವಾಗ ಮಗುವನ್ನು ಹಿಡಿದುಕೊಳ್ಳುವುದಿದೆಯಲ್ಲ, ಅದನ್ನು ಯಾವ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ. ಮೊಣಕೈಯಿಂದ ಮಂಡಿಯನ್ನು ಒತ್ತಿ, ಅಂಗೈಯಲ್ಲಿ ಮಣಿಕಟ್ಟು ಹಿಡಿದು, ಗಲ್ಲದಿಂದ ತಲೆ ಅಲುಗದ ಹಾಗೆ ತಡೆದು, ಇಷ್ಟೆಲ್ಲ ಮಾಡುತ್ತಲೇ ಕಿವಿಯ ಹತ್ತಿರ ಏನೋ ಒಂದು ಗುನುಗುತ್ತಿರಬೇಕು. ಎಂಥ ದೊಡ್ಡ ಡಾಕ್ಟರೂ ಸೂಜಿ ಕೈಗೆತ್ತಿಕೊಂಡ ಮೇಲೆ ಆಯಮ್ಮ ಎಲ್ಲಿ ಎಂದೇ ಕೇಳುತ್ತಿದ್ದರು. ಹಾಗೆ ಕೇಳಿದಾಗ ಆಕೆ ಬೇಕೆಂದೇ ಸ್ವಲ್ಪ ತಡವಾಗಿ ಬರುತ್ತಿದ್ದಳು. ಅಷ್ಟೂ ಜಂಭ ಇಲ್ಲದಿದ್ದರೆ ಹೇಗೆ?

ಆ ಸಿಸ್ಟರ್ ಬಂದದ್ದು ಎಲ್ಲ ಕೆಡುವುದಕ್ಕೆ ಆರು ವರ್ಷ ಮೊದಲು, ಬೇರೆ ದೇಶದಿಂದ, ಎರಡು ಚೀಲ ಹಿಡಿದುಕೊಂಡು. ನಮ್ಮವರು ಯಾರೂ ಮಕ್ಕಳ ವಾರ್ಡಿನ ಹನ್ನೆರಡು ಗಂಟೆ ಡ್ಯೂಟಿಗೆ ಮನಸ್ಸು ಮಾಡುತ್ತಿರಲಿಲ್ಲ, ಹೊರಗಿನಿಂದ ಕರೆಸಿದ್ದರು. ನಮ್ಮ ಮಾತನ್ನು ಅವಳು ಯಾವುದೋ ಪುಸ್ತಕದಿಂದ ಕಲಿತು ಬಂದಿದ್ದಳು. ಆ ಪುಸ್ತಕದಲ್ಲಿ ಬರೀ ಮರ್ಯಾದೆಯ ಮಾತುಗಳಿದ್ದವೆಂದು ಕಾಣುತ್ತದೆ. ನಾಲ್ಕು ತಿಂಗಳ ಕೂಸು ಕಿರುಚಿ ಮೈ ನೀಲಿ ಮಾಡಿಕೊಂಡರೂ ಇವಳು ಬಗ್ಗಿ, "ದಯವಿಟ್ಟು ಅಳಬೇಡಿ, ಹಾಲು ಕುಡಿಯಿರಿ," ಎನ್ನುವಳು. ವಾರ್ಡಿನಲ್ಲಿದ್ದ ತಾಯಂದಿರು ತಮ್ಮ ದುಃಖ ಮರೆತು ನಗುತ್ತಿದ್ದರು. ಆಯಮ್ಮನನ್ನು ಮೊದಲ ದಿನದಿಂದ ಅಕ್ಕ ಎಂದಳು. ಆಯಮ್ಮನಿಗೆ ಒಡಹುಟ್ಟಿದವರು ಯಾರೂ ಇರಲಿಲ್ಲ; ಆ ಒಂದು ಕರೆಗೆ ಆಕೆ ಕರಗಿಹೋದಳು. ಊಟದ ಡಬ್ಬಿಯಲ್ಲಿ ಇನ್ನೊಬ್ಬರಿಗಾಗುವಷ್ಟು ತುಂಬಿಕೊಂಡು ಬರತೊಡಗಿದಳು.

ಈಗ ಆ ಕೊಕ್ಕೆಯ ವಿಷಯ ಹೇಳಬೇಕು, ಯಾಕೆಂದರೆ ಎಲ್ಲ ಕೆಟ್ಟದ್ದೂ ಅಲ್ಲಿಂದಲೇ.

ವಾರ್ಡಿನಲ್ಲಿ ಇಪ್ಪತ್ತೆರಡು ಮಂಚ. ಪ್ರತಿ ಮಂಚದ ಕಾಲಕಡೆ ಒಂದು ರಟ್ಟು, ಅದರ ಮೇಲೆ ಚೌಕ ಚೌಕ ಗೆರೆ ಎಳೆದ ಹಾಳೆ. ಎರಡು ಗಂಟೆಗೊಮ್ಮೆ ಮಗುವಿನ ಜ್ವರ ಎಷ್ಟು, ಡ್ರಿಪ್ ಬಾಟಲಿ ಎಲ್ಲಿಗೆ ಇಳಿದಿದೆ ಎಂದು ನೋಡಿ ಅಂಕಿ ಬರೆದು ಪಕ್ಕದಲ್ಲಿ ಸಿಸ್ಟರ್ ಸಹಿ ಹಾಕಬೇಕು. ಸಹಿ ಇಲ್ಲದ ಚೌಕ ಕಂಡರೆ ದೊಡ್ಡ ಸಿಸ್ಟರ್ ವಾರ್ಡನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದರು. ಆದರೆ ಒಬ್ಬಳು ಸಿಸ್ಟರಿಗೆ ಇಪ್ಪತ್ತೆರಡು ಮಂಚ ಎಂಬುದು ಮಾತ್ರ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಹಾಗಾಗಿ ಜ್ವರ ನೋಡಿ ಅಂಕಿ ಬರೆಯುವುದು ಆಯಮ್ಮ, ಸಹಿ ಹಾಕುವುದು ಸಿಸ್ಟರ್ ಎಂದು ಇಬ್ಬರೂ ಹಂಚಿಕೊಂಡರು. ಒಂದು ಸಂಜೆ ಹುಡುಗಿಯೊಬ್ಬಳಿಗೆ ಫಿಟ್ಸ್ ಬಂದು ಸಿಸ್ಟರ್ ಒಂದೂವರೆ ಗಂಟೆ ಆ ಮಂಚ ಬಿಟ್ಟು ಕದಲಲಾಗಲಿಲ್ಲ. ಹುಡುಗಿ ಉಳಿದಳು, ಚೌಕಗಳು ಖಾಲಿ ಉಳಿದವು. ದೊಡ್ಡ ಸಿಸ್ಟರ್ ಬೈದದ್ದು ಹುಡುಗಿ ಉಳಿದಿದ್ದಕ್ಕೇನೋ ಎನ್ನುವ ಹಾಗಿತ್ತು.

ಮರುದಿನ ಸಿಸ್ಟರ್ ತನ್ನ ಸಹಿಯನ್ನು ಆಯಮ್ಮನಿಗೆ ಹೇಳಿಕೊಟ್ಟಳು. ಅದು ಅವರ ಲಿಪಿಯಲ್ಲಿ ಅವಳ ಹೆಸರಿನ ಮೊದಲ ಅಕ್ಷರವಂತೆ. ಆಯಮ್ಮನ ಕಣ್ಣಿಗೆ ಅದು ಒಂದು ಸೊನ್ನೆ, ಸೊನ್ನೆಯ ಬಲಗಡೆಯಿಂದ ಇಳಿದ ಒಂದು ಗಾಳದ ಕೊಕ್ಕೆ. "ಅಕ್ಕ, ಮಗುವನ್ನ ನೀವು ನೋಡಿದ್ರೆ ನಾನು ನೋಡಿದ ಹಾಗೇ," ಎಂದಳು ಸಿಸ್ಟರ್.

ತಪ್ಪು ಎಂದರೆ ಇದೇ. ದೊಡ್ಡ ಊರಿನ ಜಾಣರು ಯಾರೂ ಮಾಡದ ತಪ್ಪು. ತಾನು ನೋಡದ್ದಕ್ಕೆ ಯಾರಾದರೂ ತನ್ನ ಸಹಿ ಕೊಡುತ್ತಾರೆಯೇ? ಆದರೆ ಅವಳು ಆಯಮ್ಮನನ್ನು ನಂಬಿದ್ದಳು, ಆ ನಂಬಿಕೆಯಲ್ಲಿ ಎಳ್ಳಷ್ಟೂ ಮೋಸವಿರಲಿಲ್ಲ. ಆಯಮ್ಮ ನೋಡದೆ ಒಂದು ಚೌಕವನ್ನೂ ತುಂಬಿದವಳಲ್ಲ. ಆ ಸಹಿ ಕಲಿಯಲು ಆಕೆ ಪಟ್ಟ ಪಾಡು ನೋಡಬೇಕಿತ್ತು. ಹಬೆ ಕೂತ ಕಿಟಕಿಯ ಮೇಲೆ, ಒರೆಸಿದ ನೆಲದ ಮೇಲೆ, ಹಿಟ್ಟು ಹರಡಿದ ತಟ್ಟೆಯಲ್ಲಿ, ಎಲ್ಲೆಲ್ಲೂ ಸೊನ್ನೆಗೊಂದು ಕೊಕ್ಕೆ. ಕಂಡಕ್ಟರು ನೋಡಿ, ಇನ್ನು ನಮ್ಮ ಮನೆಯಲ್ಲಿ ದೊಡ್ಡ ಸಾಹೇಬರೊಬ್ಬರು ತಯಾರಾದರು, ನಾನು ಎದ್ದು ನಿಂತು ಮಾತಾಡಬೇಕು ಎಂದು ರೇಗಿಸಿದ. ಆಕೆ ಸುಮ್ಮನೆ ನಕ್ಕಳು. ಐವತ್ತನಾಲ್ಕು ವರ್ಷಕ್ಕೆ ಕಾಗದದ ಮೇಲೆ ಆಕೆ ಬರೆಯಬಲ್ಲ ಒಂದೇ ಒಂದು ಅಕ್ಷರ ಅದು, ಅದೂ ಬೇರೆಯವರದ್ದು.

ಮಳೆಯೂ ಇಲ್ಲ, ಏನೂ ಇಲ್ಲ, ಒಂದು ದಿನ ಉಗ್ರಾಣದ ಗೋಡೆಯೊಳಗಿನ ಕೊಳಚೆ ಪೈಪು ಒಡೆಯಿತು. ಡ್ರಿಪ್ ಬಾಟಲಿಗಳ ಪೆಟ್ಟಿಗೆಗಳೆಲ್ಲ ಎರಡು ದಿನ ಆ ನೀರಿನಲ್ಲೇ ನಿಂತವು. ಮೂರನೇ ದಿನ ದೊಡ್ಡ ಸಿಸ್ಟರ್ ಆಯಾಗಳನ್ನೆಲ್ಲ ಸಾಲಾಗಿ ಕೂರಿಸಿ ಬಾಟಲಿಗಳನ್ನು ಒರೆಸಿಡಲು ಹೇಳಿದರು. ಬಿರಡೆಯ ಸುತ್ತ ಹಸಿರು ಹಸಿರಾಗಿ ಏನೋ ಹಿಡಿದಿತ್ತು. ಆಯಮ್ಮ ಅದನ್ನು ಬಟ್ಟೆಯಿಂದ ತಿಕ್ಕಿ ತೆಗೆದಳು, ಚೆನ್ನಾಗಿಯೇ ತೆಗೆದಳು. ಸಿಸ್ಟರ್ ಮಾತ್ರ ಈ ಬಾಟಲಿ ಬೇಡವೆಂದು ಮೇಲಿನ ಕಚೇರಿಗೆ ಕಾಗದ ಬರೆದಳು. ಬೇರೆ ಬಾಟಲಿ ಬರುವುದಿಲ್ಲ, ಇರುವುದರಲ್ಲಿ ನಡೆಸಿ ಎಂದು ಬಾಯಲ್ಲೇ ಉತ್ತರ ಬಂತು.

ಮುಂದಿನ ಮೂರು ವಾರದಲ್ಲಿ ಏಳು ಮಕ್ಕಳು ಹೋದವು. ರಕ್ತಕ್ಕೆ ನಂಜು. ಆಯಮ್ಮ ಏಳನ್ನೂ ತನ್ನ ಕೈಯಿಂದಲೇ ಬಟ್ಟೆಯಲ್ಲಿ ಸುತ್ತಿ ತಾಯಂದಿರಿಗೆ ಕೊಟ್ಟಳು. ಅದರ ಬಗ್ಗೆ ಹೆಚ್ಚು ಬರೆಯಲು ನನ್ನಿಂದಾಗುವುದಿಲ್ಲ.

ಜನ ಆಸ್ಪತ್ರೆಯ ಗೇಟಿಗೆ ಬಂದರು, ಕಲ್ಲು ಬಿತ್ತು, ಮಂತ್ರಿ ಬಂದರು. ಮಾರನೇ ದಿನ ಮಧ್ಯಾಹ್ನ ನಾಲ್ಕು ಜೀಪು ಬಂದು ಸಿಸ್ಟರನ್ನು ವಾರ್ಡಿನಿಂದಲೇ ಕರೆದೊಯ್ದವು. ಅವಳ ಕೈಯಲ್ಲಿ ಹಾಲಿನ ಬಾಟಲಿ ಇತ್ತು, ಅದನ್ನು ಆಯಮ್ಮನ ಕೈಗೆ ಕೊಟ್ಟು, ಹನ್ನೊಂದನೇ ಮಂಚದವರಿಗೆ ಇನ್ನೂ ಅರ್ಧ ಕುಡಿಸಬೇಕು ಎಂದು ಹೇಳಿ ಹೋದಳು. ಸಂಜೆಯ ಟೀವಿಯಲ್ಲಿ ಅವಳ ಫೋಟೋದ ಪಕ್ಕದಲ್ಲಿ ಅವಳ ದೇಶದ ಬಾವುಟ ತೋರಿಸಿದರು. ಹೊರದೇಶದ ಕೈವಾಡ ಎಂದರು. ನಂಜು ಬೆರೆಸಲು ಅವಳನ್ನು ಅಲ್ಲಿಂದ ಕಳಿಸಿದ್ದರಂತೆ. ಬಾಟಲಿ ಬೇಡವೆಂದು ಅವಳು ಬರೆದ ಕಾಗದವೂ ಅವಳ ಮೇಲೇ ತಿರುಗಿತು: ಮೊದಲೇ ಗೊತ್ತಿಲ್ಲದೆ ಹೇಗೆ ಬರೆದಳು?

ಕಂಡಕ್ಟರು ದಿನಾ ಪೇಪರು ಓದುವವನು, ಅವನಿಗೆ ವಿಷಯ ಬೇಗ ತಿಳಿಯಿತು. ನಮ್ಮ ಕಡೆಯ ದೊಡ್ಡ ಅಧಿಕಾರಿಯೊಬ್ಬ ಆ ದೇಶದಲ್ಲಿ ಏನೋ ಮಾಡಲು ಹೋಗಿ ಸಿಕ್ಕಿಬಿದ್ದು ಅಲ್ಲಿಯ ಜೈಲಿನಲ್ಲಿ ಕೂತಿದ್ದ. ಅವನನ್ನು ಬಿಡಿಸಿಕೊಳ್ಳಲು ಇವರಿಗೆ ಅಲ್ಲಿಯವರು ಯಾರಾದರೊಬ್ಬರು ಕೈಯಲ್ಲಿರಬೇಕಿತ್ತು. "ಬಸ್ಸಲ್ಲಿ ಸೀಟಿಗೆ ಟವೆಲ್ ಹಾಕ್ತಾರಲ್ಲ, ಹಾಗೆ. ನಿನ್ನ ಸಿಸ್ಟರ್ ಈಗ ಟವೆಲ್ಲು," ಎಂದ. ತಮಾಷೆಗೆ ಹೇಳಿದ್ದಲ್ಲ, ಅವನಿಗೆ ಬೇರೆ ಮಾತು ಸಿಕ್ಕಲಿಲ್ಲ.

ಒಂದು ತಿಂಗಳಾದ ಮೇಲೆ ಕೋರ್ಟಿಗೆ ಹಾಕಿದ ಕಾಗದಗಳ ಸುದ್ದಿ ಪೇಪರಿನಲ್ಲಿ ಬಂತು. ಕಂಡಕ್ಟರು ಅದನ್ನು ಜೋರಾಗಿ ಓದುತ್ತಿದ್ದ, ಆಯಮ್ಮ ಪಾತ್ರೆ ಉಜ್ಜುತ್ತಿದ್ದಳು. ಸತ್ತ ಏಳರಲ್ಲಿ ನಾಲ್ಕು ಮಕ್ಕಳಿಗೆ ಮೊದಲು ಜ್ವರ ಏರಿದ್ದು ಒಂದು ಮಂಗಳವಾರ ಮಧ್ಯಾಹ್ನ. ಆ ಮಧ್ಯಾಹ್ನ ವಾರ್ಡಿನಲ್ಲಿದ್ದವಳು ಈ ಸಿಸ್ಟರ್ ಒಬ್ಬಳೇ. ಒಂದು ಗಂಟೆ, ಮೂರು ಗಂಟೆ, ಐದು ಗಂಟೆ, ಮೂರು ಸುತ್ತಿನ ಅರವತ್ತಾರು ಚೌಕಗಳಲ್ಲೂ ಈಕೆಯದೇ ಸಹಿ. ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಇಲ್ಲ ಎಂದು ಸರ್ಕಾರದ ವಕೀಲರು ಹೇಳಿದ್ದರು.

ಆಯಮ್ಮ ಪಾತ್ರೆ ಕೆಳಗಿಟ್ಟು ಆ ಸಾಲನ್ನು ಇನ್ನೊಮ್ಮೆ ಓದಿಸಿದಳು. ಆ ಮಂಗಳವಾರ ಆಕೆಗೆ ಚೆನ್ನಾಗಿ ನೆನಪಿತ್ತು. ಸಿಸ್ಟರಿಗೆ ಹಲ್ಲುನೋವು ಬಂದು ಕೆನ್ನೆ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ರಜೆ ಕೇಳಿದರೆ ದೊಡ್ಡ ಸಿಸ್ಟರ್ ಅರ್ಜಿ ಹರಿದು ಹಾಕುತ್ತಾರೆ. ಊಟದ ಹೊತ್ತಿಗೆ ಆಯಮ್ಮನೇ ಅವಳನ್ನು ಹಿಂಬಾಗಿಲಿನಿಂದ ಹೊರಗೆ ದಬ್ಬಿದ್ದಳು. ಹೋಗಿ ಹಲ್ಲು ಕೀಳಿಸಿಕೊಂಡು ಬನ್ನಿ, ನಾನಿದ್ದೀನಿ ಎಂದಿದ್ದಳು. ಸಿಸ್ಟರ್ ವಾಪಸು ಬಂದದ್ದು ಆರು ಗಂಟೆಗೆ. ಬಾಟಲಿ ಬದಲಾಯಿಸಲು ಪಕ್ಕದ ವಾರ್ಡಿನ ಸಿಸ್ಟರ್ ಬಂದು ಹೋಗಿದ್ದಳು, ಅದನ್ನು ಯಾರೂ ಎಲ್ಲಿಯೂ ಬರೆದಿರಲಿಲ್ಲ. ಆ ಅರವತ್ತಾರು ಕೊಕ್ಕೆಗಳೂ ಆಯಮ್ಮನವು.

ಗಂಡನಿಗೆ ಹೇಳಿದಳು. ಅವನು ಬೆಚ್ಚಿ ಬಾಗಿಲು ಹಾಕಿ ಬಂದ. ಬಾಯಿ ಬಿಟ್ಟರೆ ನಂಜು ಹಾಕಿದವಳು ನೀನೇ ಎನ್ನುತ್ತಾರೆ, ಮಗಳ ಮನೆಯವರು ಮುಖ ತಿರುಗಿಸುತ್ತಾರೆ, ನಿವೃತ್ತಿಗೆ ಇನ್ನು ಒಂದೇ ವರ್ಷ ಎಂದ. ಆಕೆ ತುಟಿ ಪಿಟಕ್ಕೆನ್ನಲಿಲ್ಲ. ಒಂದು ತಿಂಗಳು ಕಳೆಯಿತು, ಎರಡು ಕಳೆಯಿತು. ಹೆದರಿಕೆಯೇ ಅದು, ಬೇರೆ ಹೆಸರು ಕೊಟ್ಟು ಮುಚ್ಚುವುದು ಯಾಕೆ? ಸಿಸ್ಟರೇ ಹೇಳಿಯಾಳು, ನಾನು ಆ ದಿನ ಇರಲಿಲ್ಲ ಎಂದು ಅವಳೇ ಬಾಯಿ ಬಿಟ್ಟಾಳು ಎಂದು ಆಯಮ್ಮ ಕಾದಳು. ಕೊನೆಗೆ ತಡೆಯಲಾರದೆ ಸಿಸ್ಟರ್ ಪರವಾಗಿ ಸರ್ಕಾರವೇ ಕೊಟ್ಟಿದ್ದ ವಕೀಲನನ್ನು ಹುಡುಕಿಕೊಂಡು ಹೋದಳು. ಸವೆದ ಕೋಟಿನ, ಸುಸ್ತಾದ ಮನುಷ್ಯ. ಅವನು ಫೈಲು ತಿರುವಿ, ಸಿಸ್ಟರ್ ಮೊದಲ ದಿನವೇ ಹೇಳಿಕೆ ಕೊಟ್ಟಿದ್ದಾಳೆ, ಚೌಕಗಳಲ್ಲಿರುವ ಸಹಿಯೆಲ್ಲ ನನ್ನದೇ ಎಂದಿದ್ದಾಳೆ ಎಂದ.

ಯಾರನ್ನು ಕಾಪಾಡಲು ಹಾಗೆ ಹೇಳಿದಳೆಂದು ಆಯಮ್ಮ ಕೇಳಬೇಕಾಗಿರಲಿಲ್ಲ.

ಮನೆಗೆ ಬಂದು, ಕೋರ್ಟಿನಲ್ಲಿ ನಿಜ ಹೇಳಿಬಿಡುತ್ತೇನೆ ಎಂದಾಗ ಕಂಡಕ್ಟರು ಕೂಗಾಡಿದ. ಕೋರ್ಟಿನ ದಿನ ಬೆಳಿಗ್ಗೆ ನೋಡಿದರೆ ಅವನೇ ಒಂದು ಚೀಲ ಕಟ್ಟಿ ಬಾಗಿಲಲ್ಲಿ ಇಟ್ಟಿದ್ದ. ಎರಡು ಜೊತೆ ಬಟ್ಟೆ, ಬಾಚಣಿಗೆ, ಮಂಡಿನೋವಿನ ಮಾತ್ರೆ, ಮೇಲೊಂದು ಕಂಬಳಿ. "ಅಲ್ಲಿಂದಲೇ ಒಳಗೆ ಹಾಕಿದ್ರೆ ಚಳಿ ಇರುತ್ತೆ," ಎಂದ. ಮೂವತ್ತೈದು ವರ್ಷದ ಸಂಸಾರದಲ್ಲಿ ಅವನು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಆಕೆ ಕೇಳಿರಲಿಲ್ಲ.

ಕೋರ್ಟಿನಲ್ಲಿ ಸಿಸ್ಟರನ್ನು ಕಬ್ಬಿಣದ ಕಟಕಟೆಯೊಳಗೆ ನಿಲ್ಲಿಸಿದ್ದರು. ಅರ್ಧ ಆಗಿಹೋಗಿದ್ದಳು. ಆಯಮ್ಮ ಎಲ್ಲವನ್ನೂ ಹೇಳಿದಳು: ಹಲ್ಲುನೋವು, ಹಿಂಬಾಗಿಲು, ಕೊಳಚೆ ನೀರು, ತಾನೇ ಒರೆಸಿದ ಬಾಟಲಿ, ಅರವತ್ತಾರು ಕೊಕ್ಕೆ. ನ್ಯಾಯಾಧೀಶರು ಕಾಗದ ಕೊಡಿಸಿದರು. ಆಕೆ ಬರೆದಳು. ಮತ್ತೊಮ್ಮೆ ಬರೆಯಲು ಹೇಳಿದರು, ಮತ್ತೆ ಬರೆದಳು. ಇಪ್ಪತ್ತು ಬರೆಸಿದರು. ಇಪ್ಪತ್ತೂ ಒಂದೇ ಅಚ್ಚಿನವು. ಆಯಮ್ಮನ ಎದೆಯಲ್ಲಿ ಎಷ್ಟೋ ದಿನದ ಮೇಲೆ ಸ್ವಲ್ಪ ಗಾಳಿ ಆಡಿತು.

ಆಗ ಸರ್ಕಾರದ ವಕೀಲರು ಎದ್ದು ನಿಂತರು. ಆರು ವರ್ಷ ಕಣ್ಣೆದುರಿಗಿದ್ದ ಸಹಿಯನ್ನು ನಕಲು ಮಾಡುವುದು ದೊಡ್ಡ ವಿದ್ಯೆಯೇನಲ್ಲ ಎಂದರು. ಹೇಳಿಕೆಯ ಕೊನೆಗೆ ನಿಮ್ಮ ಸ್ವಂತ ಸಹಿ ಹಾಕಿ ಎಂದರು. ಆಯಮ್ಮನಿಗೆ ಸ್ವಂತ ಸಹಿ ಎಲ್ಲಿಯದು? ಹೆಬ್ಬೆರಳು ಮುಂದೆ ಮಾಡಿದಳು. ತನ್ನ ಹೆಸರನ್ನೇ ಬರೆಯಲಾರದವಳು ಬೇರೊಬ್ಬರ ಹೆಸರಲ್ಲಿ ಅರವತ್ತಾರು ಸಹಿ ಹಾಕಿದಳಂತೆ ಎಂದು ಅವರು ಹೇಳಿದಾಗ ಗುಮಾಸ್ತನೊಬ್ಬ ನಕ್ಕೇಬಿಟ್ಟ.

ಸಿಸ್ಟರನ್ನು ಕೇಳಿದರು. ಅವಳು ಕಂಬಿ ಹಿಡಿದುಕೊಂಡು, "ಅಕ್ಕ ಸುಳ್ಳು ಹೇಳುತ್ತಿದ್ದಾರೆ. ಸಹಿ ನನ್ನದು. ಅವರನ್ನು ಮನೆಗೆ ಕಳಿಸಿ," ಎಂದಳು.

ಪಾಪ, ಸುಸ್ತಾದ ವಕೀಲ ಕೊನೆಯ ಪ್ರಯತ್ನ ಮಾಡಿದ. ಸಿಸ್ಟರಿಗೆ ಬಾಯಿ ತೆರೆಯಲು ಹೇಳಿ ಕಿತ್ತ ಹಲ್ಲಿನ ಜಾಗ ತೋರಿಸಿದ. ಅಷ್ಟು ಜನರ ಮುಂದೆ ಅವಳು ಬಾಯಿ ತೆರೆದು ನಿಂತಳು. ಯಾವ ತಾರೀಕು ಬಿದ್ದೆನೆಂದು ಹಲ್ಲಿನ ಸಂದಿ ಹೇಳುತ್ತದೆಯೇ ಎಂದು ಎದುರು ವಕೀಲರು ಕೇಳಿದರು. ಚಪ್ಪಲಿ ಅಂಗಡಿಯ ಮಹಡಿಯ ಮೇಲಿದ್ದ ಹಲ್ಲಿನ ಡಾಕ್ಟರನ್ನು ಕರೆಸಿದ್ದರು. ದಿನಕ್ಕೆ ಎಷ್ಟೋ ಹಲ್ಲು ಕೀಳುತ್ತೇನೆ, ಮುಖ ನೋಡುವುದಿಲ್ಲ ಎಂದು ಆತ ನೆಲ ನೋಡಿಕೊಂಡು ಹೇಳಿ ಹೋದ. ಪಕ್ಕದ ವಾರ್ಡಿನ ಸಿಸ್ಟರ್ ಆ ದಿನ ಈ ಕಡೆ ಬಂದೇ ಇಲ್ಲವೆಂದಳು.

ಆ ಸಂಜೆ ತನಿಖೆಯ ಸಾಹೇಬರು ಆಯಮ್ಮನನ್ನು ತಮ್ಮ ಕೋಣೆಗೆ ಕರೆಸಿದರು. ಬಂತು ಎಂದುಕೊಂಡು ಆಕೆ ಚೀಲ ಹಿಡಿದೇ ಒಳಗೆ ಹೋದಳು. ಅವರು ಕುರ್ಚಿ ಕೊಟ್ಟರು, ಟೀ ತರಿಸಿದರು. ಮನೆಯಲ್ಲಿ ಅವರೂ ಒಬ್ಬ ತಂದೆ ಇರಬೇಕು, ಮೇಜಿನ ಗಾಜಿನ ಕೆಳಗೆ ಎರಡು ಮಕ್ಕಳ ಫೋಟೋ ಇತ್ತು. ನನ್ನನ್ನು ಹಿಡಿದುಕೊಳ್ಳಿ, ಬಾಟಲಿ ಒರೆಸಿದ್ದು ನಾನು, ಸಹಿ ಹಾಕಿದ್ದು ನಾನು, ಅವಳನ್ನು ಬಿಟ್ಟುಬಿಡಿ ಎಂದು ಆಯಮ್ಮ ಅಂಗಲಾಚಿದಳು.

"ಅಮ್ಮಾ, ಆಕೆ ಏನೂ ಮಾಡಿಲ್ಲ ಅನ್ನೋದು ನಿಮಗಿಂತ ಮೊದಲೇ ನಮಗೆ ಗೊತ್ತು," ಎಂದರು ಸಾಹೇಬರು. ಕೋಪವಿರಲಿಲ್ಲ, ಮಗುವಿಗೆ ತಿಳಿಸಿ ಹೇಳುವ ದನಿ. "ನಮ್ಮೋರು ಅಲ್ಲಿಂದ ಬರೋ ತನಕ ಆಕೆ ಇಲ್ಲಿರಬೇಕು. ನಿಮ್ಮನ್ನ ಹಿಡಿದು ನಾವೇನು ಮಾಡೋಣ? ನಿಮ್ಮನ್ನ ಬಿಡಿ ಅಂತ ನಮ್ಮನ್ನ ಯಾರು ಕೇಳ್ತಾರೆ?"

ಟೀ ಆರಿಹೋಗುತ್ತೆ, ಕುಡೀರಿ ಎಂದರು. ಕುಡಿದಳು. ಕುಡಿಯದೇ ಬರಬೇಕಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿತು. ಹೊರಗೆ ಮೆಟ್ಟಿಲ ಮೇಲೆ ಕಂಡಕ್ಟರು ಕಾದು ಕೂತಿದ್ದ. ಆಕೆಯ ಕೈಯಿಂದ ಚೀಲ ತೆಗೆದುಕೊಂಡ. ಬಸ್ಸಿನಲ್ಲಿ ಕಂಬಳಿ ತೊಡೆಯ ಮೇಲಿಟ್ಟುಕೊಂಡು ಇಬ್ಬರೂ ಮನೆಗೆ ಬಂದರು.

ಆಕೆಗೆ ಯಾರೂ ಏನೂ ಮಾಡಲಿಲ್ಲ. ಅದೇ ಎಲ್ಲಕ್ಕಿಂತ ದೊಡ್ಡ ಏಟು. ಬೈದಿದ್ದರೆ, ಕೆಲಸದಿಂದ ಕಿತ್ತುಹಾಕಿದ್ದರೆ ತನ್ನ ಮಾತಿಗೆ ತೂಕವಿತ್ತೆಂದಾದರೂ ಸಮಾಧಾನವಿರುತ್ತಿತ್ತು. ಮಕ್ಕಳ ಸಾವಿನಿಂದ ಈಕೆಯ ಮನಸ್ಸು ಕದಡಿದೆ, ಹೇಳಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ ಎಂದು ದೊಡ್ಡ ಸಿಸ್ಟರ್ ಬರೆದುಕೊಟ್ಟರು. ಪಿಂಚಣಿ ಕಡಿಮೆಯಾಗದ ಹಾಗೆ ಆರು ತಿಂಗಳು ಮೊದಲೇ ನಿವೃತ್ತಿ ಕೊಟ್ಟು, ಒಂದು ಗೋಡೆ ಗಡಿಯಾರ ಕೈಗಿತ್ತು, ಚಪ್ಪಾಳೆ ತಟ್ಟಿ ಕಳಿಸಿದರು. ಆಕೆ ಬರೆದ ಇಪ್ಪತ್ತು ಕೊಕ್ಕೆಗಳ ಕಾಗದ ಫೈಲಿನಲ್ಲಿ ಸಿಗಲಿಲ್ಲ. ಸಿಸ್ಟರಿಗೆ ಗಲ್ಲು ಎಂದಾಯಿತು. ಹದಿನೈದು ದಿನದಲ್ಲಿ ಅದನ್ನು ತಡೆಹಿಡಿದರು. ಎರಡೂ ಕಡೆ ಮಾತುಕತೆ ನಡೆಯುತ್ತಿದೆ ಎಂದು ಪೇಪರಿನಲ್ಲಿ ಬಂತು. ಆಮೇಲೆ ಮಾತುಕತೆ ಮುರಿಯಿತು, ಮತ್ತೆ ಗಲ್ಲಿನ ಮಾತು ಎದ್ದಿತು, ಮತ್ತೆ ತಡೆ. ಹೀಗೇ ಎರಡು ವರ್ಷ.

ಭೇಟಿಗೆ ಒಪ್ಪಿಗೆ ಸಿಗಲು ಅಷ್ಟು ಕಾಲ ಹಿಡಿಯಿತು. ಒಂದು ಬೆಳಿಗ್ಗೆ ಆಯಮ್ಮ ಊಟದ ಡಬ್ಬಿ ಹಿಡಿದು ಜೈಲಿನ ಗೇಟಿಗೆ ಹೋದಳು. ಡಬ್ಬಿಯನ್ನು ಗೇಟಿನಲ್ಲೇ ಇಟ್ಟುಕೊಂಡರು. ಜಾಲರಿಯ ಆಚೆ ಸಿಸ್ಟರ್ ಬಂದು ನಿಂತಳು. ಕೂದಲು ಕತ್ತರಿಸಿದ್ದರು. ಕೇಳಿದರೆ, ಇಲ್ಲಿಯ ದವಾಖಾನೆಯಲ್ಲಿ ಕೆಲಸ ಕೊಟ್ಟಿದ್ದಾರೆ, ಕಾವಲಿನ ಹೆಂಗಸರೂ ತಮ್ಮ ಮಕ್ಕಳಿಗೆ ಜ್ವರ ಬಂದರೆ ನನ್ನ ಹತ್ತಿರವೇ ತರುತ್ತಾರೆ ಎಂದಳು. ಏಳು ಮಕ್ಕಳನ್ನು ಕೊಂದವಳೆಂದು ಬೀಗ ಹಾಕಿ, ತಮ್ಮ ಮಗುವಿನ ಕೈಯನ್ನು ಅವಳ ಸೂಜಿಯ ಮುಂದೆ ಚಾಚುವ ಜನಕ್ಕೆ ಏನು ಹೇಳುವುದು!

"ಯಾಕೆ ಹಾಗೆ ಹೇಳಿದ್ರಿ ಸಿಸ್ಟರ್, ನನ್ನನ್ನ ಸುಳ್ಳುಗಾತಿ ಮಾಡಿದ್ರಲ್ಲ?" ಎಂದಳು ಆಯಮ್ಮ.

"ಅವರು ನನ್ನ ಬಿಡೋದಿಲ್ಲ ಅಕ್ಕ. ನೀವೂ ಒಳಗೆ ಬಂದ್ರೆ ನನ್ನ ನೋಡೋಕೆ ಯಾರು ಬರ್ತಾರೆ?" ಎಂದಳು ಸಿಸ್ಟರ್. ಆಮೇಲೆ, ಹನ್ನೊಂದನೇ ಮಂಚದವರು ಹೇಗಿದ್ದಾರೆ ಎಂದು ಕೇಳಿದಳು. ಆ ಮಗು ಉಳಿಯಿತು, ಈಗ ಓಡಾಡುತ್ತದಂತೆ ಎಂದಳು ಆಯಮ್ಮ. ಅದೊಂದು ನಿಜವಾಗಿತ್ತು. ಸಿಸ್ಟರ್ ನಕ್ಕಾಗ ಹಲ್ಲಿಲ್ಲದ ಆ ಸಂದಿ ಕಂಡಿತು. ಹತ್ತು ನಿಮಿಷ ಮುಗಿಯಿತು.

ಹೊರಗೆ ಬರುವಾಗ ಕಾವಲಿನವಳು ಭೇಟಿಯ ಪುಸ್ತಕ ತಿರುಗಿಸಿ ಪೆನ್ನು ಕೊಟ್ಟು, ಇಲ್ಲಿ ಸಹಿ ಎಂದಳು. ಆಯಮ್ಮನ ಕೈ ತನ್ನಷ್ಟಕ್ಕೆ ತಾನೇ ಸೊನ್ನೆಗೆ ತೊಡಗಿತು. ಪೆನ್ನಿನ ಮೊನೆ ಕಾಗದಕ್ಕೆ ತಾಗುವ ಮೊದಲೇ ಆಕೆಗೆ ಎಚ್ಚರವಾಯಿತು. ಸಿಸ್ಟರ್ ಹೆಸರು ಇವರ ಇನ್ನೊಂದು ಕಾಗದದ ಮೇಲೆ ಬೀಳುವುದು ಬೇಡ.

ಪೆನ್ನನ್ನು ಕೆಳಗಿಟ್ಟು, ನನಗೆ ಬರೆಯಲು ಬರುವುದಿಲ್ಲ ಎಂದಳು. ಕಾವಲಿನವಳು ಶಾಯಿಯ ಡಬ್ಬಿ ಮುಂದೆ ತಳ್ಳಿದಳು. ಆಯಮ್ಮ ಹೆಬ್ಬೆಟ್ಟು ಒತ್ತಿದಳು, ಬೆರಳು ಒರೆಸಿಕೊಳ್ಳಲು ಏಪ್ರನ್ನಿನ ಅಂಚನ್ನು ತಡಕಿದಳು, ಏಪ್ರನ್ ಇಲ್ಲವೆಂದು ನೆನಪಾಗಿ ಹಾಗೇ ಬಸ್ಸಿನ ಕಡೆ ನಡೆದಳು.